ಹಿನ್ನೆಲೆಗೆ ಕೊಟ್ಟ ಎರಡು ಗಂಟೆ

ಡಿಸೆಂಬರ್ ತಿಂಗಳ ಒಂದು ಸಂಜೆ. ವರ್ತೂರಿನ ಒಂದು ಸಾಧಾರಣ ಮನೆ. ಅದು ನಿಮ್ಮದೇ ಮನೆ ಎಂದುಕೊಳ್ಳಿ. ವೈಟ್‌ಫೀಲ್ಡ್ ಕಡೆಯ ಕಚೇರಿಯಿಂದ ಹೊರಟ ತಂದೆ ವಾಹನಗಳ ಸಾಲಿನಲ್ಲಿ ಸಿಕ್ಕಿ, ಬಸವಳಿದು ಮನೆ ಸೇರುತ್ತಾರೆ. ನಡುಮನೆಯಲ್ಲಿ ಹದಿಮೂರು ವರ್ಷದ ಮಗಳು ನೆಲದ ಮೇಲೆ ಕುಳಿತು, ಮಡಿಸಿದ ಐವರಿ ಶೀಟಿನ ಮೇಲೆ ಕಪ್ಪು ಪೆನ್ನಿನಿಂದ ಗೆರೆ ಎಳೆಯುತ್ತಿದ್ದಾಳೆ. ಊರಿನಲ್ಲಿರುವ ಅಜ್ಜಿಗೆ ಕ್ರಿಸ್ಮಸ್ ಕಾರ್ಡು.

"ಎಷ್ಟು ಹೊತ್ತಿನಿಂದ ಕೂತಿದ್ದೀಯ, ಪುಟ್ಟಿ?"

"ಎರಡು ಗಂಟೆ ಆಯ್ತಪ್ಪ. ಇನ್ನೂ ಹಿನ್ನೆಲೆಯೇ ಮುಗಿದಿಲ್ಲ."

"ಹಿಂದಿನ ಗೆರೆಗಳಿಗೇ ಎರಡು ಗಂಟೆನಾ? ಅಜ್ಜಿ ಕಣ್ಣಿಗೆ ಅದೆಲ್ಲ ಕಾಣುತ್ತಾ? ಫೋನಿನಲ್ಲಿ ಒಂದು ಚಿತ್ರ ಕಳಿಸಿದ್ದರೆ ಆಗ್ತಿರಲಿಲ್ವಾ? ನಾಡಿದ್ದು ಪರೀಕ್ಷೆ ಬೇರೆ ಇದೆ."

ಮಗಳು ಉತ್ತರ ಕೊಡಲಿಲ್ಲ. ತಲೆ ತಗ್ಗಿಸಿ ಮತ್ತೊಂದು ಗೆರೆ ಎಳೆದಳು.

ಈ ತಂದೆ ಕಟುಕರಲ್ಲ. ಅವರ ಪ್ರಶ್ನೆ ನಮ್ಮೆಲ್ಲರ ಪ್ರಶ್ನೆ. ಕಡಿಮೆ ಹೊತ್ತಿನಲ್ಲಿ ಆಗುವ ಕೆಲಸಕ್ಕೆ ಹೆಚ್ಚು ಹೊತ್ತು ಕೊಡುವುದು ತಪ್ಪಲ್ಲವೇ? ಅದರಲ್ಲೂ ಯಾರೂ ಗಮನಿಸದ ಹಿನ್ನೆಲೆಗಾಗಿ? ಇಂದು ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಆ ಹುಡುಗಿ ಏನು ಮಾಡುತ್ತಿದ್ದಾಳೆ ಎಂಬುದನ್ನು ಗಮನಿಸಿ. ಸ್ಕೇಲ್ ಇಟ್ಟು, ಮಸಿ ಮುಗಿದ ರೀಫಿಲ್ಲಿನ ತುದಿಯಿಂದ ಗೀರಿ ಶೀಟನ್ನು ನೇರವಾಗಿ ಮಡಿಸಿದ್ದಾಳೆ. ರದ್ದಿ ಕಾಗದದಲ್ಲಿ ಒಂದು ನಕ್ಷತ್ರ ಕತ್ತರಿಸಿ, ಅದನ್ನು ಕಾರ್ಡಿನ ಮೇಲಿಟ್ಟು, ಸುತ್ತಲೂ ಪೆನ್ಸಿಲ್ಲಿನಿಂದ ತೆಳುವಾಗಿ ಗುರುತು ಹಾಕಿದ್ದಾಳೆ. ನಂತರ ಪೆನ್ನು ಹಿಡಿದು ಆ ಗುರುತಿನ ಹೊರಗೆ ಮಾತ್ರ ತುಂಬುತ್ತಿದ್ದಾಳೆ. ಒಂದು ಕಡೆ ಅಲೆ, ಒಂದು ಕಡೆ ಅಡ್ಡ ಉದ್ದ ಹೆಣೆದ ಗೆರೆ, ಇನ್ನೊಂದು ಕಡೆ ಬರೀ ಚುಕ್ಕಿ. ಗೆರೆಗಳು ಹತ್ತಿರವಾದಲ್ಲಿ ಕತ್ತಲು, ದೂರವಾದಲ್ಲಿ ಬೆಳಕು. ಮಸಿ ಕಲೆಸದಂತೆ ಅಂಗೈ ಕೆಳಗೆ ಒಂದು ಕಾಗದ ಇಟ್ಟುಕೊಂಡು, ಮೇಲಿನ ಎಡಮೂಲೆಯಿಂದ ಕೆಳಕ್ಕೆ ಬರುತ್ತಿದ್ದಾಳೆ. ಮಸಿ ಒಣಗಿದ ಮೇಲೆ ಪೆನ್ಸಿಲ್ ಗುರುತನ್ನು ಅಳಿಸುತ್ತಾಳೆ.

ಈಗ ನೋಡಿ, ನಕ್ಷತ್ರವನ್ನು ಅವಳು ಬಿಡಿಸಲೇ ಇಲ್ಲ! ಅದು ಖಾಲಿ ಬಿಟ್ಟ ಬಿಳಿ ಕಾಗದ. ಸುತ್ತಲಿನ ಸಾವಿರ ಗೆರೆಗಳೇ ಅದನ್ನು ನಕ್ಷತ್ರವಾಗಿಸಿದವು.

ಇನ್ನು ತಂದೆಯ ಪ್ರಶ್ನೆಗೆ ಬರೋಣ. ಇದು ಹೊಸ ಪ್ರಶ್ನೆಯಲ್ಲ. ಸಂತ ಯೊವಾನ್ನರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಇದೇ ಪ್ರಶ್ನೆ ಬೆಥಾನಿಯದ ಊಟದ ಮನೆಯಲ್ಲಿ ಎದ್ದಿತು. ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಯೇಸುವಿನ ಪಾದಗಳಿಗೆ ಹಚ್ಚಿದಳು. ಅದರ ಬೆಲೆ 300 ಬೆಳ್ಳಿ ನಾಣ್ಯ. ಒಂದು ನಾಣ್ಯ ಎಂದರೆ ಕೂಲಿಯವನ ಒಂದು ದಿನದ ದುಡಿಮೆ. ಅಲ್ಲಿಗೆ ಹೆಚ್ಚು ಕಡಿಮೆ ಒಂದು ವರ್ಷದ ಸಂಪಾದನೆ. ಇದನ್ನು ಮಾರಿ ಬಡವರಿಗೆ ಕೊಡಬಾರದಿತ್ತೇ ಎಂದು ಯೂದನು ಆಕ್ಷೇಪಿಸಿದ. ಹೇಳಿದವನ ಮನಸ್ಸು ಶುದ್ಧವಾಗಿರಲಿಲ್ಲ, ನಿಜ. ಆದರೆ ಆಕ್ಷೇಪಣೆಯಲ್ಲಿ ಹುರುಳಿಲ್ಲವೇ? ಇದೆ. ಆದುದರಿಂದಲೇ ಅದು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಆದರೂ ಪ್ರಭು ಮರಿಯಳ ಪರವಾಗಿ ನಿಂತರು. ಬಡವರನ್ನು ಮರೆಯಿರಿ ಎಂದು ಅವರು ಹೇಳಲಿಲ್ಲ. ಪ್ರೀತಿಯನ್ನು ಲೆಕ್ಕದ ಪುಸ್ತಕದಿಂದ ಮಾತ್ರ ಅಳೆಯಬೇಡಿ ಎಂಬುದನ್ನು ತೋರಿಸಿದರು.

ಲೆಕ್ಕ ಎಂದಾಗ ಗ್ರೀಟಿಂಗ್ ಕಾರ್ಡು ಹುಟ್ಟಿದ ಕಥೆಯೇ ನೆನಪಾಗುತ್ತದೆ. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿ ಇದ್ದರು. ಕೈತುಂಬ ಕೆಲಸ. ಕ್ರಿಸ್ಮಸ್ಸಿಗೆ ಬಂಧುಮಿತ್ರರಿಗೆಲ್ಲ ಪತ್ರ ಬರೆಯಲು ಅವರಿಗೆ ಪುರುಸೊತ್ತಿರಲಿಲ್ಲ. ಜಾನ್ ಹಾರ್ಸ್ಲಿ ಎಂಬ ಕಲಾವಿದರಿಂದ ಒಂದು ಚಿತ್ರ ಬರೆಸಿ, ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದರು. ಉಳಿದವನ್ನು ಒಂದೊಂದು ಶಿಲ್ಲಿಂಗಿಗೆ ಮಾರಲಾಯಿತು. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡು ಅದೇ ಎನ್ನುತ್ತಾರೆ. ಅಂದರೆ ಅಚ್ಚಿನ ಕಾರ್ಡು ಹುಟ್ಟಿದ್ದೇ ಸಮಯ ಉಳಿಸಲು! ಇಂದು ಒಂದೇ ಚಿತ್ರವನ್ನು ಬೆರಳು ಒತ್ತಿ ನೂರು ಜನಕ್ಕೆ ವಾಟ್ಸಾಪಿನಲ್ಲಿ ದಾಟಿಸುವ ನಾವು ಕೋಲ್ ಅವರ ಮಾರ್ಗದಲ್ಲಿಯೇ ಇನ್ನಷ್ಟು ಮುಂದೆ ಬಂದಿದ್ದೇವೆ, ಅಷ್ಟೆ.

ಸಮಯ ಉಳಿಸುವುದು ಪಾಪವಲ್ಲ. ರಾತ್ರಿ ಪಾಳಿಯಲ್ಲಿರುವ ನರ್ಸ್ ತನ್ನ ತಾಯಿಗೆ ಎರಡು ಸಾಲಿನ ಸಂದೇಶ ಕಳಿಸಿದರೆ ಅದರಲ್ಲಿ ಪ್ರೀತಿ ಕಡಿಮೆ ಎನ್ನಲು ನಾವು ಯಾರು? ಆದರೆ ಒಂದು ಮಾತನ್ನು ಯೋಚಿಸಿ. ಹಣವನ್ನು ಬೇರೆಯವರ ಕೈಯಲ್ಲಿ ಕಳಿಸಬಹುದು. ಸಿಹಿಯನ್ನು ಅಂಗಡಿಯಿಂದಲೇ ತಲುಪಿಸಬಹುದು. ಸಮಯವನ್ನು ಮಾತ್ರ ನಮಗಾಗಿ ಇನ್ನೊಬ್ಬರು ಕೊಡಲಾರರು. ಸಾಲ ತರಲೂ ಆಗದು. ಖರ್ಚಾದ ಎರಡು ಗಂಟೆಯನ್ನು ಮತ್ತೆ ಸಂಪಾದಿಸಲೂ ಆಗದು. ಕಾಣಿಕೆಯ ಪೆಟ್ಟಿಗೆಗೆ ಎರಡು ಪುಡಿಕಾಸು ಹಾಕಿದ ಬಡ ವಿಧವೆಯನ್ನು ಪ್ರಭು ಮೆಚ್ಚಿದ್ದು ಏತಕ್ಕೆ? ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟರು, ಆಕೆ ತನಗೆ ಬೇಕಾದದ್ದನ್ನೇ ಕೊಟ್ಟಳು. ಇಂದು ವರ್ತೂರು, ವೈಟ್‌ಫೀಲ್ಡ್ ಸುತ್ತಮುತ್ತಲಿನ ಅನೇಕ ಕುಟುಂಬಗಳಲ್ಲಿ ಹಣದ ಬಡತನಕ್ಕಿಂತ ಹೊತ್ತಿನ ಬಡತನವೇ ಹೆಚ್ಚು. ಅಂಥ ಮನೆಯಿಂದ ಹೊರಡುವ ಎರಡು ಗಂಟೆ, ವಿಧವೆಯ ಎರಡು ಕಾಸಿನಂತೆಯೇ ಅಲ್ಲವೇ?

"ಸರಿ, ಸಮಯ ಕೊಡಲಿ. ಆದರೆ ಹಿನ್ನೆಲೆಗೇ ಏಕೆ? ಪ್ರೀತಿಯ ನಾಲ್ಕು ಸಾಲು ಬರೆದರೆ ಸಾಲದೇ?" ಎಂದು ನೀವು ಕೇಳಬಹುದು. ನಾಲ್ಕು ಸಾಲು ಖಂಡಿತ ಬೇಕು. ಆದರೆ ಹಿನ್ನೆಲೆಗೆ ಒಂದು ವಿಶೇಷ ಗುಣವಿದೆ. ಅದು ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಚೆನ್ನಾಗಿ ಬಿಡಿಸಿದ ಹಿನ್ನೆಲೆ ನೋಡುವವರ ಕಣ್ಣನ್ನು ತನ್ನಲ್ಲಿ ನಿಲ್ಲಿಸಿಕೊಳ್ಳದೆ ನಕ್ಷತ್ರದ ಕಡೆಗೆ, ಅಜ್ಜಿಯ ಹೆಸರಿನ ಕಡೆಗೆ ಕಳಿಸುತ್ತದೆ. ಬಿಡಿಸುವಾಗ ಆಸೆ ಹೆಚ್ಚಾಗಿ, ಬಿಳಿ ಜಾಗವನ್ನೆಲ್ಲ ತುಂಬಿಬಿಟ್ಟರೆ ಕಾರ್ಡೇ ಕೆಡುತ್ತದೆ. ಎಲ್ಲಿ ನಿಲ್ಲಬೇಕು ಎಂಬುದನ್ನು ಕಲಿಯುವುದೇ ಆ ಕೆಲಸದ ಕಷ್ಟ.

ನಮ್ಮ ಗೋದಲಿಗಳನ್ನೇ ನೋಡಿ. ದನಕರು, ಕುರುಬರು, ಮರಿಯಮ್ಮ, ಜೋಸೆಫರು, ಬಾಲಯೇಸು ಎಲ್ಲರೂ ನಮ್ಮ ಕಣ್ಣಿಗೆ ಬೀಳುತ್ತಾರೆ. ಹಿಂದೆ ಅಂಟಿಸಿದ ಕಡುನೀಲಿ ಕಾಗದದ ಆಕಾಶವನ್ನು ಯಾರು ನೋಡುತ್ತಾರೆ? ಪೋಪ್ ಫ್ರಾನ್ಸಿಸ್ ನೋಡಿದ್ದರು. ಗೋದಲಿಯ ಅರ್ಥ ಮತ್ತು ಮಹತ್ವದ ಬಗ್ಗೆ ಅವರು 2019ರ ಡಿಸೆಂಬರ್ 1ರಂದು ಇಟಲಿಯ ಗ್ರೆಚ್ಚೊದಲ್ಲಿ ಒಂದು ಪ್ರೇಷಿತ ಪತ್ರಕ್ಕೆ ಸಹಿ ಹಾಕಿದರು. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಗೋದಲಿಯನ್ನು ಏರ್ಪಡಿಸಿದ್ದು ಅದೇ ಊರಿನಲ್ಲಿ. ಆ ಪತ್ರದಲ್ಲಿ ಗೋದಲಿಯ ಒಂದೊಂದು ಅಂಶವನ್ನೂ ವಿವರಿಸುವಾಗ ಅವರು ಮೊದಲು ಎತ್ತಿಕೊಂಡದ್ದು ಬೊಂಬೆಗಳನ್ನಲ್ಲ, ಹಿಂದಿನ ನಕ್ಷತ್ರದ ಆಕಾಶವನ್ನು, ಇರುಳಿನ ಕತ್ತಲೆ ಮತ್ತು ಮೌನವನ್ನು. ಕತ್ತಲೆ ಇಲ್ಲದಿದ್ದರೆ ಬೆಳಕು ಬಂದದ್ದು ನಮಗೆ ತಿಳಿಯುವುದಾದರೂ ಹೇಗೆ?

ಹಿನ್ನೆಲೆಯನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ ವರ್ತೂರಿನವರು ದೂರ ಹೋಗಬೇಕಾಗಿಲ್ಲ. ಊರಿನ ಹಿನ್ನೆಲೆ ನಮ್ಮ ಕೆರೆ. ಬೆಂಗಳೂರಿನ ದೊಡ್ಡ ಕೆರೆಗಳಲ್ಲಿ ಬೆಳ್ಳಂದೂರಿನ ನಂತರದ ಸ್ಥಾನ ಇದರದು. ಬೆಳ್ಳಂದೂರಿನಿಂದ ಹರಿದು ಬರುವ ನೀರು ಇದಕ್ಕೆ ಸೇರಿ, ಮುಂದೆ ದಕ್ಷಿಣ ಪಿನಾಕಿನಿಯ ಕಡೆ ಸಾಗುತ್ತದೆ. ಎಷ್ಟೋ ವರ್ಷ ಅದು ಬಸ್ಸಿನ ಕಿಟಕಿಯಾಚೆ ಸುಮ್ಮನೆ ಇತ್ತು. ನಗರದ ಕೊಳಚೆ ನೀರು, ಸಾಬೂನಿನ ನೀರು ಸೇರುತ್ತಲೇ ಹೋಯಿತು. 2015ರಲ್ಲಿ ಬಿಳಿ ನೊರೆ ಕೋಡಿಯ ಬಳಿ ಎದ್ದು, ಗಾಳಿಗೆ ಹಾರಿ ರಸ್ತೆಗೆ ಬಿದ್ದಾಗ ದೇಶವೇ ತಿರುಗಿ ನೋಡಿತು. ಹಿನ್ನೆಲೆ ಅದಾಗಿಯೇ ಮುಂದೆ ಬಂದು ನಿಂತಿತ್ತು! ನಂತರದ ವರ್ಷಗಳಲ್ಲಿ ಹೂಳು ತೆಗೆಯುವ ಕೆಲಸ ನಡೆಯಿತು. ಕುಟುಂಬದಲ್ಲಿಯೂ ಹೀಗೆಯೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವ ಅಮ್ಮ, ಊರಿನಲ್ಲಿ ಒಬ್ಬರೇ ಇರುವ ಅಜ್ಜಿ, ಇವರೆಲ್ಲ ನಮ್ಮ ಬಾಳಿನ ಹಿನ್ನೆಲೆ. ಅವರು ಹಾಸಿಗೆ ಹಿಡಿಯುವವರೆಗೆ ನಾವು ಅವರನ್ನು ತಿರುಗಿ ನೋಡುವುದಿಲ್ಲ.

ಆದ್ದರಿಂದ ಕೈಯಲ್ಲೇ ಮಾಡಿದ್ದೆಲ್ಲ ಪುಣ್ಯ ಎಂದು ಹೇಳುತ್ತಿಲ್ಲ. ಇಲ್ಲಿ ಎರಡು ಅಪಾಯಗಳಿವೆ.

ಮೊದಲನೆಯದು, ಕಾರ್ಡು ಅಜ್ಜಿಗಾಗಿ ಶುರುವಾಗಿ ಹೊಗಳಿಕೆಗಾಗಿ ಮುಗಿಯುವುದು. ಫೋಟೋ ತೆಗೆದು ಊರಿಗೆಲ್ಲ ತೋರಿಸಿ, ಮೆಚ್ಚುಗೆ ಎಣಿಸಿ, ಕೊನೆಗೆ ಅಂಚೆಗೆ ಹಾಕುವುದನ್ನೇ ಮರೆಯುವುದು. ಆಗ ಕಾಣಿಕೆ ನಮಗೇ ನಾವು ಕೊಟ್ಟುಕೊಂಡದ್ದಾಯಿತು. ಎರಡನೆಯದು, ಕಾರ್ಡು ಕಳಿಸಿ ಕೈತೊಳೆದುಕೊಳ್ಳುವುದು. ಹೋಗಿ ನೋಡಬಹುದಾದವರನ್ನು ನೋಡದೆ, ಚಂದದ ಕಾರ್ಡಿನ ಹಿಂದೆ ಅವಿತುಕೊಳ್ಳುವುದು. ಕಾರ್ಡು ಭೇಟಿಗೆ ಬಾಗಿಲಾಗಬೇಕು, ಬೀಗವಾಗಬಾರದು.

ಈ ಎರಡರಿಂದಲೂ ದೂರವಿದ್ದ ಒಂದು ಮಗುವಿನ ಚಿತ್ರ ನೆನಪಾಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯದ ಒಂದು ಹಳ್ಳಿಗೆ ಯುನಿಸೆಫ್ ನೆರವು ಬಂತು. ಏಳು ವರ್ಷದ ಜಿಟ್ಕಾ ಸಾಮ್ಕೋವಾ ಕೃತಜ್ಞತೆ ಸಲ್ಲಿಸಲು ಒಂದು ಚಿತ್ರ ಬರೆದಳು. ಕಾಗದ ಸಿಗದೆ ಗಾಜಿನ ಮೇಲೆ ಬರೆದಳಂತೆ. ಕಂಬದ ಸುತ್ತ ಕುಣಿಯುವ ಮಕ್ಕಳ ಆ ಚಿತ್ರವೇ 1949ರಲ್ಲಿ ಯುನಿಸೆಫಿನ ಮೊದಲ ಗ್ರೀಟಿಂಗ್ ಕಾರ್ಡು ಆಯಿತು. ಮುಂದೆ ಇಂಥ ಕಾರ್ಡುಗಳ ಮಾರಾಟದ ಹಣ ಲೋಕದ ಎಷ್ಟೋ ಮಕ್ಕಳ ನೆರವಿಗೆ ಹೋಯಿತು. ಆ ಮಗು ಲೆಕ್ಕ ಹಾಕಿ ಬರೆಯಲಿಲ್ಲ, ಧನ್ಯವಾದ ಹೇಳಲು ಬರೆಯಿತು. ಬೆಥಾನಿಯದ ಪ್ರಶ್ನೆಗೆ ಇದೂ ಒಂದು ಉತ್ತರ. ಕೃತಜ್ಞತೆಗೆ ಕೊಟ್ಟ ಹೊತ್ತು ಬಡವರಿಂದ ಕದ್ದ ಹೊತ್ತಾಗಬೇಕಿಲ್ಲ.

ಮತ್ತೆ ಆ ಮನೆಗೆ ಹೋಗೋಣ. ಕಾಫಿ ಕುಡಿದ ತಂದೆ ಮಗಳ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ.

"ಒಂದು ಮೂಲೆ ನನಗೂ ಕೊಡು."

ಬಹಳ ವರ್ಷಗಳಿಂದ ಸಹಿಗಲ್ಲದೆ ಪೆನ್ನು ಹಿಡಿಯದ ಕೈ. ಗೆರೆ ಡೊಂಕಾಯಿತು. ಪೆನ್ನಿನ ಗೆರೆಯನ್ನು ರಬ್ಬರ್ ಅಳಿಸುವುದಿಲ್ಲ.

"ಕೆಡಿಸಿಬಿಟ್ಟೆನಾ?"

"ಇಲ್ಲಪ್ಪ. ಇದರ ಪಕ್ಕ ಇದೇ ಥರ ಇನ್ನೂ ನಾಲ್ಕು ಎಳೆದರೆ ಅಲೆ ಆಗುತ್ತೆ."

ತಪ್ಪನ್ನು ಅಳಿಸದೆ ಜೊತೆಗೆ ಸೇರಿಸಿಕೊಳ್ಳುವ ಈ ಉಪಾಯವನ್ನು ಮಗಳಿಗೆ ಯಾರೂ ಪಾಠ ಹೇಳಿ ಕಲಿಸಿರಲಿಲ್ಲ. ಗಂಡ ಹೆಂಡತಿ, ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿ ಬಾಳಲು ಬೇಕಾದದ್ದೂ ಇದೇ ಅಲ್ಲವೇ?

ಅಜ್ಜಿಗೆ ಕಣ್ಣು ಮಂಜು. ಹಿನ್ನೆಲೆ ಅವರಿಗೆ ಕಾಣದೇ ಇರಬಹುದು. ಆದರೆ ಒತ್ತಿ ಎಳೆದ ಪೆನ್ನಿನ ಗೆರೆ ಐವರಿ ಶೀಟಿನ ಮೇಲೆ ಸಣ್ಣ ತಗ್ಗಾಗಿ ಉಳಿಯುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ, ಇಲ್ಲಿ ಯಾರೋ ಬಹಳ ಹೊತ್ತು ಕುಳಿತಿದ್ದರು ಎಂದು.

ಪ್ರಿಯ ಓದುಗರೇ, ಈ ವಾರ ಒಂದು ಸಂಜೆ ಟಿವಿ ಮತ್ತು ಫೋನುಗಳನ್ನು ಬದಿಗಿಟ್ಟು, ಮನೆಮಂದಿಯೆಲ್ಲ ಒಂದು ಶೀಟು, ಒಂದು ಪೆನ್ನು ಹಿಡಿದು ಕುಳಿತುಕೊಳ್ಳಿ. ಒಂದೇ ಒಂದು ಕಾರ್ಡು ಸಾಕು. ಯಾರಿಗೆ ಕಳಿಸಬೇಕೆಂದು ಮೊದಲು ಮಾತನಾಡಿಕೊಳ್ಳಿ. ನಿಮ್ಮ ಬಾಳಿನ ಹಿನ್ನೆಲೆಯಲ್ಲಿ ಸದ್ದಿಲ್ಲದೆ ನಿಂತಿರುವವರು ಯಾರು? ಅವರ ಹೆಸರಿಗೆಂದು ನಡುವೆ ಬಿಳಿ ಜಾಗ ಬಿಟ್ಟು, ಆಮೇಲೆ ಮೊದಲ ಗೆರೆ ಎಳೆಯಿರಿ.