ವರವೋ, ಶಾಪವೋ? ಒಂದು ಪ್ರಬಂಧದ ಮರುಮೌಲ್ಯಮಾಪನ

‘ತಂತ್ರಜ್ಞಾನ: ವರವೋ, ಶಾಪವೋ?’ ಈ ವಿಷಯದ ಮೇಲೆ ಪ್ರಬಂಧ ಬರೆಯದ ವಿದ್ಯಾರ್ಥಿಯಾಗಲಿ, ಬರೆಯಿಸದ ಅಧ್ಯಾಪಕನಾಗಲಿ ನಮ್ಮಲ್ಲಿ ವಿರಳ. ನಾನು ಹುಡುಗನಾಗಿದ್ದಾಗ ತಂತ್ರಜ್ಞಾನದ ಸ್ಥಾನದಲ್ಲಿ ‘ವಿಜ್ಞಾನ’ವಿತ್ತು. ಪೆನಿಸಿಲಿನ್ನನ್ನು ತೋರಿಸಿ ವರವೆಂದೂ, ಅಣುಬಾಂಬನ್ನು ತೋರಿಸಿ ಶಾಪವೆಂದೂ ಬರೆದು, ಕೊನೆಯಲ್ಲಿ ‘ಎಲ್ಲವೂ ಬಳಸುವವನ ಕೈಯಲ್ಲಿದೆ’ ಎಂದು ಮುಗಿಸಿದರೆ ಹತ್ತರಲ್ಲಿ ಏಳು ಅಂಕ ನಿಶ್ಚಿತವಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಅಧ್ಯಾಪಕನಾಗಿ, ಮುಖ್ಯೋಪಾಧ್ಯಾಯನಾಗಿ ಆ ಏಳು ಅಂಕಗಳನ್ನು ನಾನೂ ಧಾರಾಳವಾಗಿ ಹಂಚಿದ್ದೇನೆ.

ನಿವೃತ್ತನಾದ ಮೇಲೂ ಕೆಂಪು ಶಾಯಿಯ ಪೆನ್ನು ನನ್ನನ್ನು ಬಿಟ್ಟಿಲ್ಲ. ಕೇರಳದ ಗ್ರಂಥಾಲಯ ಚಳವಳಿಯ ಹರಿಕಾರ ಪಿ. ಎನ್. ಪಣಿಕ್ಕರ್ ಅವರ ಸ್ಮರಣೆಗಾಗಿ ಜೂನ್ 19ರಂದು ನಮ್ಮ ಕಾಸರಗೋಡಿನ ಹಳ್ಳಿಗಳಲ್ಲೂ ವಾಚನಾ ದಿನ ಆಚರಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂದರ್ಭದಲ್ಲಿ ನಡೆದ ಪ್ರಬಂಧ ಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ವಿಷಯ ಅದೇ ಹಳೆಯದು. ಬಹುತೇಕ ಪ್ರಬಂಧಗಳು ಒಂದೇ ಅಚ್ಚಿನವು. ಒಂದು ಮಾತ್ರ ಬೇರೆಯಾಗಿತ್ತು. ಪ್ಲಸ್ ವನ್ ತರಗತಿಯ ಹುಡುಗಿಯೊಬ್ಬಳು ಬರೆದದ್ದು. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪುಗಳಿದ್ದವು, ಉಪಸಂಹಾರವೇ ಇರಲಿಲ್ಲ. ಆಕೆ ಬರೆದುದರ ಸಾರಾಂಶವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ವರವನ್ನು ದೇವರು ಕೊಡುತ್ತಾನೆ, ಶಾಪವನ್ನು ಋಷಿ ಕೊಡುತ್ತಾನೆ. ನನ್ನ ಕೈಗೆ ಮೊಬೈಲನ್ನು ಕೊಟ್ಟವರು ಅಪ್ಪ, ಅದೂ 12 ಕಂತುಗಳ ಸಾಲದಲ್ಲಿ. ಶಾಲೆ ಮುಚ್ಚಿದ್ದ ವರ್ಷ ಪಾಠ ಕೇಳಲು ಅದು ಬೇಕೇ ಬೇಕಾಗಿತ್ತು. ಒಂದು ಕಂತು ತೀರಲು ಅಮ್ಮ ಎಷ್ಟು ಸಾವಿರ ಬೀಡಿ ಕಟ್ಟಬೇಕೆಂದು ಲೆಕ್ಕ ಹಾಕಿ ನೋಡಿದೆ. ಆ ಲೆಕ್ಕ ಯಾವ ಪಾಠದಲ್ಲೂ ಬರಲಿಲ್ಲ. ಈಗ ಶಾಲೆ ತೆರೆದಿದೆ. ಎಲ್ಲರಿಗೂ ಒಂದೇ ಬಣ್ಣದ ಸಮವಸ್ತ್ರ. ಆದರೆ ನಮ್ಮ ಕಣ್ಣು ಬಟ್ಟೆಯ ಮೇಲಿಲ್ಲ. ಚೀಲದ ಮೇಲೆ, ನೀರಿನ ಬಾಟಲಿಯ ಮೇಲೆ, ವಾಚಿನ ಮೇಲೆ ಇದೆ. ನಿನ್ನೆ ರಾತ್ರಿ ಮೊಬೈಲಿನಲ್ಲಿ ಒಂದು ಬಾಟಲಿ ಕಂಡೆ. ಅಂಥದೊಂದು ಲೋಕದಲ್ಲಿದೆ ಎಂದೇ ಮೊನ್ನೆಯ ತನಕ ನನಗೆ ಗೊತ್ತಿರಲಿಲ್ಲ. ಇವತ್ತು ಅದಿಲ್ಲದೆ ನಾನು ಬಡವಳು. ಈ ಆಸೆ ನನ್ನದೇ? ನನ್ನದಾದರೆ ನಿನ್ನೆ ಅದು ಎಲ್ಲಿತ್ತು?

ಈ ಪ್ರಶ್ನೆಗೆ ಪ್ರಬಂಧ ನಿಂತುಬಿಟ್ಟಿತ್ತು. ನಾನು ಅಂಚಿನಲ್ಲಿ ‘ತೀರ್ಮಾನವಿಲ್ಲ’ ಎಂದು ಬರೆದು ಕಡಿಮೆ ಅಂಕ ಕೊಟ್ಟೆ. ಬಹುಮಾನ ವಿತರಣೆಯ ದಿನ ಅವಳು ಹತ್ತಿರ ಬಂದು, “ಸರ್, ನನ್ನದು ವಿಷಯ ಬಿಟ್ಟು ಹೋಗಿತ್ತಾ?” ಎಂದು ಕೇಳಿದಳು. “ಹೌದು ಮಗಾ, ಕೊನೆಗೆ ಏನಾದರೂ ಒಂದು ಹೇಳಬೇಕಿತ್ತು” ಎಂದೆ. ತಲೆಯಾಡಿಸಿ ಹೋದಳು. ವಿಷಯ ಬಿಟ್ಟು ಹೋದವನು ನಾನೇ ಎಂಬುದು ಹೊಳೆಯಲು ನನಗೆ ಬಹಳ ದಿನ ಬೇಕಾಯಿತು. ಈ ಬರಹ ಆ ಪ್ರಬಂಧದ ಮರುಮೌಲ್ಯಮಾಪನ.

ಮೊದಲು ‘ವರ’ ಎಂಬ ಶಬ್ದವನ್ನೇ ನೋಡೋಣ. ಯಕ್ಷಗಾನದ ಮಣ್ಣಿನಲ್ಲಿ ಹುಟ್ಟಿದ ನಮಗೆ ಭಸ್ಮಾಸುರನ ಕಥೆ ಹೊಸದಲ್ಲ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕೆಂದು ಬೇಡಿ ಪಡೆದ ವರವೇ ಕೊನೆಗೆ ಅವನನ್ನು ಬೂದಿ ಮಾಡಿತು. ಅಲ್ಲಿ ವರ ಬೇರೆ, ಶಾಪ ಬೇರೆ ಎಂಬುದಿಲ್ಲ, ಒಂದೇ ಕೈ. ಕೇಡು ಇದ್ದುದು ಬೇಡಿಕೆಯಲ್ಲಿ. ಆದುದರಿಂದ ‘ವರವೋ, ಶಾಪವೋ’ ಎಂದು ಕೇಳುವುದರಲ್ಲೇ ಒಂದು ಜಾರಿಕೆಯಿದೆ. ಯಾರು ಬೇಡಿದರು, ಯಾಕೆ ಬೇಡಿದರು, ಬೆಲೆ ತೆತ್ತವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಅದು ಮರೆಮಾಡುತ್ತದೆ. ಹುಡುಗಿ ಆ ಮೂರನ್ನೂ ಕೇಳಿದ್ದಳು.

ಇನ್ನು ‘ಬಳಸುವವನ ಕೈಯಲ್ಲಿದೆ’ ಎಂಬ ನಮ್ಮ ಹಳೆಯ ಉಪಸಂಹಾರ. ಮೆಟ್ಟುಕತ್ತಿಯ ಮಟ್ಟಿಗೆ ಈ ಮಾತು ನಿಜ. ಮೆಟ್ಟುಕತ್ತಿ ಅಡಿಗೆಮನೆಯ ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ನಡುರಾತ್ರಿ ಸದ್ದು ಮಾಡಿ ‘ಬಾ, ನನ್ನನ್ನು ಹಿಡಿ’ ಎಂದು ಕರೆಯುವುದಿಲ್ಲ. ಇಂದಿನ ಯಂತ್ರ ಕರೆಯುತ್ತದೆ. ಪುಕ್ಕಟೆಯಾಗಿ ಕಾಣುವ ಎಷ್ಟೋ ಸೇವೆಗಳ ಹಿಂದಿರುವ ವ್ಯಾಪಾರವೆಂದರೆ ನಮ್ಮ ಗಮನವನ್ನು ಹಿಡಿದಿಟ್ಟು ಜಾಹೀರಾತುದಾರರಿಗೆ ಮಾರುವುದು. ನಾವು ಎಲ್ಲಿ ಒಂದು ಕ್ಷಣ ಹೆಚ್ಚು ನಿಂತೆವೆಂಬುದನ್ನು ಗುರುತಿಟ್ಟುಕೊಂಡು ಮರುದಿನ ಅಂಥದನ್ನೇ ಮುಂದೊಡ್ಡುತ್ತದೆ. ಹದಿನಾರು ವರ್ಷದ ಮಗುವಿನ ಮುಂದೆ ಇಷ್ಟು ದೊಡ್ಡ ಅಂಗಡಿಯನ್ನು ತೆರೆದಿಟ್ಟು, ‘ಸಂಯಮ ನಿನ್ನ ಕೈಯಲ್ಲಿದೆ’ ಎಂದು ಉಪದೇಶಿಸುವುದು ನ್ಯಾಯವಲ್ಲ. ಆಸೆ ಮನುಷ್ಯನಷ್ಟೇ ಹಳೆಯದು. ಅದನ್ನು ಬಿತ್ತಿ ಬೆಳೆಸುವ ಕೃಷಿ ಮಾತ್ರ ಇಷ್ಟು ಸೂಕ್ಷ್ಮವಾಗಿರಲಿಲ್ಲ.

ಹಾಗಾದರೆ ಯಂತ್ರವನ್ನೇ ದೂರವಿಡಬೇಕೆ? 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿಯಾಗಿದ್ದ, ಕೇರಳದವರೇ ಆದ ಜಿ. ರಾಮಚಂದ್ರನ್ ದೆಹಲಿಯಲ್ಲಿ ಗಾಂಧೀಜಿಯನ್ನು ಇದನ್ನೇ ಕೇಳಿದ್ದರು. ತಮ್ಮ ಶರೀರವೇ ಒಂದು ನವುರಾದ ಯಂತ್ರವಾಗಿರುವಾಗ ಎಲ್ಲ ಯಂತ್ರಗಳನ್ನು ವಿರೋಧಿಸುವುದು ಹೇಗೆ, ಚರಕವೂ ಯಂತ್ರವಲ್ಲವೇ ಎಂಬುದು ಗಾಂಧೀಜಿಯ ಉತ್ತರದ ಭಾವ. ಅವರ ವಿರೋಧವಿದ್ದುದು ಯಂತ್ರದ ಹುಚ್ಚಿಗೆ. ಸಿಂಗರ್ ಹೊಲಿಗೆ ಯಂತ್ರಕ್ಕೆ ಅವರು ವಿನಾಯಿತಿ ಕೊಟ್ಟರು. ಹೆಂಡತಿ ಕೈಯಿಂದ ಹೊಲಿದು ದಣಿಯುವುದನ್ನು ಕಂಡ ಗಂಡನ ಪ್ರೀತಿಯಿಂದ ಅದು ಹುಟ್ಟಿತೆಂದು ಅವರು ಮೆಚ್ಚಿದ್ದರು. ಇದರಲ್ಲಿ ನಮಗೊಂದು ಒರೆಗಲ್ಲು ಸಿಗುತ್ತದೆ. ಈ ವಸ್ತು ಯಾರ ದಣಿವನ್ನು ತಗ್ಗಿಸಿತು? ಯಾರ ದಣಿವನ್ನು ಹೆಚ್ಚಿಸಿತು?

ಆ ಒರೆಗಲ್ಲಿಗೆ ತಿಕ್ಕಿದರೆ ಮೊಬೈಲಿನಲ್ಲಿ ಚಿನ್ನವೂ ಕಾಣುತ್ತದೆ. 2020ರ ಜೂನ್ 1ರಂದು ಕೇರಳದ ಶಾಲಾ ವರ್ಷ ವಿಕ್ಟರ್ಸ್ ವಾಹಿನಿಯ ಮೂಲಕ ಆರಂಭವಾದಾಗ, ರೇಂಜ್ ಹುಡುಕುತ್ತಾ ಗುಡ್ಡೆ ಹತ್ತಿ ಕುಳಿತ ಮಕ್ಕಳಿಗೆ ಅದೇ ಶಾಲೆಯಾಯಿತು. ಮಾತು ತುಳುವೋ ಮಲಯಾಳವೋ ಆಗಿರುವ ಮನೆಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಗಡಿಯಾಚೆಯ ಕನ್ನಡ ಕೇಳಿಸುವುದೂ ಅದರಲ್ಲೇ. ನನ್ನ ನೆರೆಮನೆಯ ಹಿರಿಯರೊಬ್ಬರು ಹಾಸಿಗೆ ಹಿಡಿದ ಮೇಲೆ ಮೊಮ್ಮಗ ಹಾಕಿಕೊಟ್ಟ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳುತ್ತಲೇ ಕೊನೆಯ ದಿನಗಳನ್ನು ಕಳೆದರು. ಇದನ್ನು ಶಾಪವೆನ್ನಲು ನಾಲಿಗೆ ಏಳದು. ಆದರೆ ಆ ತಾಯಿಯ ಬೀಡಿಯ ಲೆಕ್ಕವೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ನೋಡುವುದೇ ವಿವೇಕ.

ಇಷ್ಟು ಹೇಳಿ ನಿಲ್ಲಿಸಿದರೆ ತಪ್ಪೆಲ್ಲ ಕಂಪೆನಿಗಳದ್ದು, ನಾವು ನಿರಪರಾಧಿಗಳು ಎಂದಾಗುತ್ತದೆ. ನನ್ನದೇ ಒಂದು ತಪ್ಪನ್ನು ಹೇಳದೆ ಈ ಲೇಖನ ಪ್ರಾಮಾಣಿಕವಾಗದು. ಮೊಬೈಲು ಹಳ್ಳಿಗೆ ಬರುವುದಕ್ಕೂ ಮುಂಚಿನ ಮಾತು. ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿತ್ತು. ಪೇಟೆಯ ಆಂಗ್ಲ ಮಾಧ್ಯಮ ಶಾಲೆಗಳ ಎದುರು ನಮ್ಮ ಕನ್ನಡ ಶಾಲೆ ಬಡಕಲಾಗಿ ಕಾಣಬಾರದೆಂದು ಕಪ್ಪು ಬೂಟು, ಬಿಳಿ ಕಾಲುಚೀಲ ಕಡ್ಡಾಯ ಮಾಡಿದೆ. ಮಳೆಗಾಲದ ಒಂದು ಬೆಳಿಗ್ಗೆ ಏಳನೆಯ ತರಗತಿಯ ಹುಡುಗನೊಬ್ಬ ಗದ್ದೆಯ ಹುಣಿಯಲ್ಲಿ ಬರಿಗಾಲಲ್ಲಿ ಬಂದು, ಗೇಟಿನ ಬಳಿ ಕಾಲು ತೊಳೆದು, ಪ್ಲಾಸ್ಟಿಕ್ ಚೀಲದಿಂದ ಬೂಟು ತೆಗೆದು ಹಾಕಿಕೊಳ್ಳುವುದನ್ನು ಕಂಡೆ. ಕೇಳಿದರೆ, “ತಮ್ಮನಿಗೂ ಇದೇ ಆಗಬೇಕು ಸರ್, ಸವೆಯಬಾರದು” ಎಂದ. ಆ ದಿನದ ಅಸೆಂಬ್ಲಿಯಲ್ಲಿ ಅವನನ್ನು ಎದುರಿಗೆ ನಿಲ್ಲಿಸಿ, ವಸ್ತುಗಳನ್ನು ಜೋಪಾನವಾಗಿಡುವ ಶಿಸ್ತಿಗೆ ಅವನೇ ಮಾದರಿ ಎಂದು ಹೊಗಳಿದೆ. ಅವನು ತಲೆ ತಗ್ಗಿಸಿ ನಿಂತಿದ್ದ. ನಾಚಿಕೊಂಡಿದ್ದಾನೆ ಎಂದುಕೊಂಡೆ. ಬೂಟು ಕಾಲನ್ನು ಕಾಯಬೇಕಾದಲ್ಲಿ ಕಾಲು ಬೂಟನ್ನು ಕಾಯುತ್ತಿತ್ತು. ಅದನ್ನು ನಾನು ಶಿಸ್ತೆಂದು ಕರೆದೆ. ಕನ್ನಡ ಉಳಿಯಲೆಂದು ಮಾಡಿದ ಆ ನಿಯಮದಿಂದ ಶಾಲೆಗೆ ಒಂದು ಮಗುವೂ ಹೆಚ್ಚು ಬರಲಿಲ್ಲ. ನೋಟದಿಂದ ಯೋಗ್ಯತೆಯನ್ನು ಅಳೆಯುವ ಪಾಠವನ್ನು ಮಾತ್ರ ಇದ್ದ ಮಕ್ಕಳು ನನ್ನಿಂದಲೇ ಕಲಿತರು. ಆ ಹುಡುಗಿಯ ಬಾಟಲಿಯ ಆಸೆ ನಿನ್ನೆ ಎಲ್ಲಿತ್ತೆಂಬ ಪ್ರಶ್ನೆಗೆ ನನ್ನ ಉತ್ತರ ಇದು: ಒಂದು ಪಾಲು ನಮ್ಮ ಶಾಲೆಯಲ್ಲೇ ಇತ್ತು.

ಹಿರಿಯರಾದ ನಾವು ಮಕ್ಕಳನ್ನು ‘ಮೊಬೈಲಿನ ದಾಸರು’ ಎಂದು ಜರೆಯುವ ಮೊದಲು ನಮ್ಮ ಮನೆಗಳನ್ನು ನೋಡಿಕೊಳ್ಳಬೇಕು. ಒಕ್ಕಲಿನ ದಿನ ಊಟಕ್ಕಿಂತ ಫೋಟೋಕ್ಕೆ ಹೆಚ್ಚು ಖರ್ಚು ಮಾಡಿದವರು ಮಕ್ಕಳಲ್ಲ. ನೆರೆಮನೆಗೆ ಕಾರು ಬಂತೆಂದು ಅಡಿಕೆಯ ಫಸಲನ್ನು ನಂಬಿ ಸಾಲ ಮಾಡಿದವರೂ ಮಕ್ಕಳಲ್ಲ. ಪ್ರತಿಷ್ಠೆಗಾಗಿ ಕೊಳ್ಳುವುದನ್ನು ಅವರು ನಮ್ಮ ಜಗಲಿಯಲ್ಲೇ ಕುಳಿತು ಕಲಿತರು.

ಮಾಡಬಹುದಾದದ್ದು ದೊಡ್ಡದೇನಲ್ಲ. ಮನೆಯ ಲೆಕ್ಕದ ಪುಸ್ತಕವನ್ನು ಮಕ್ಕಳಿಂದ ಮುಚ್ಚಿಡುವುದು ಬೇಡ. ಒಂದು ವಸ್ತುವಿಗೆ ಯಾರ ಎಷ್ಟು ದಿನದ ದುಡಿಮೆ ಹೋಯಿತೆಂಬುದು ಮಗುವಿಗೆ ತಿಳಿಯಲಿ. ಅವರನ್ನು ನಾಚಿಸಲಿಕ್ಕಲ್ಲ, ಪಾಲುಗಾರರನ್ನಾಗಿ ಮಾಡಲಿಕ್ಕೆ. ಬೇಕೆನಿಸಿದ್ದನ್ನು ಒಂದು ವಾರ ತಡೆದು ನೋಡುವ ಅಭ್ಯಾಸ ಮನೆಯ ಎಲ್ಲರಿಗೂ ಇರಲಿ, ಅಪ್ಪನಿಗೂ ಸೇರಿ. ವಾರ ಕಳೆದ ಮೇಲೂ ಉಳಿದ ಆಸೆ ನಮ್ಮದು. ಮಾಯವಾದದ್ದು ಬೇರೆ ಯಾರೋ ನಮ್ಮಲ್ಲಿ ಇಟ್ಟುಹೋದದ್ದು. ಶಾಲೆಗಳೂ ಬೇಕಾಗುವ ಸಾಮಾನುಗಳ ಪಟ್ಟಿ ಕಳುಹಿಸುವ ಮೊದಲು ಅತ್ಯಂತ ಬಡ ಮಗುವಿನ ಮನೆಯನ್ನು ಒಮ್ಮೆ ನೆನೆಯಲಿ.

ಆ ಉತ್ತರಪತ್ರಿಕೆ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ‘ತೀರ್ಮಾನವಿಲ್ಲ’ ಎಂಬ ನನ್ನ ಕೆಂಪು ಅಕ್ಷರವನ್ನು ಅಳಿಸಲಾಗದು. ಅದರ ಕೆಳಗೆ ಮೊನ್ನೆ ಇನ್ನೊಂದು ಸಾಲು ಬರೆದೆ: ‘ಪ್ರಶ್ನೆ ಸರಿಯಾಗಿದೆ. ತೀರ್ಮಾನ ಬರೆಯಬೇಕಾದವರು ನಾವು.’ ಹುಡುಗಿ ಈಗ ಎಲ್ಲಿ ಓದುತ್ತಿದ್ದಾಳೋ ತಿಳಿಯದು. ಈ ಸ್ಮರಣ ಸಂಚಿಕೆ ಅವಳ ಮನೆಗೂ ತಲಪಿದರೆ, ಅಂಕ ತಿದ್ದಲು ತಡವಾದ ಈ ಹಳೆಯ ಮಾಷ್ಟ್ರನನ್ನು ಅವಳು ಕ್ಷಮಿಸಲಿ.