ಲೆಕ್ಕ ಬರೆಯುವವರಾರು, ಹೊಣೆ ಹೊರುವವರಾರು?

ಸತ್ಯವೆಂಬುದು ನಾಲಗೆಯ ಗುಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಇಂದಿನ ಗೃಹಸ್ಥನ ಸತ್ಯನಿಷ್ಠೆಯು ಅವನ ಮಾತಿಗಿಂತ ಹೆಚ್ಚಾಗಿ ಅವನ ಲೆಕ್ಕಪತ್ರದಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಕಳಸದ ಸೀಮೆಯ ಕಾಫಿ ಬೆಳೆಗಾರರಲ್ಲಿ ಈಚೆಗೆ ಒಂದು ಜಿಜ್ಞಾಸೆ ಪದೇ ಪದೇ ಕೇಳಿಬರುತ್ತಿದೆ: ಆದಾಯ ತೆರಿಗೆಯ ರಿಟರ್ನ್ಸನ್ನು ಅಂತರ್ಜಾಲದ ಮೂಲಕ ತಾವೇ ಸಲ್ಲಿಸುವುದು ಲೇಸೋ, ಲೆಕ್ಕಪರಿಶೋಧಕರಿಗೆ ಒಪ್ಪಿಸುವುದು ಲೇಸೋ? ಮೇಲ್ನೋಟಕ್ಕೆ ಇದು ಅನುಕೂಲದ ಪ್ರಶ್ನೆ. ವಿಚಾರಮಾಡಿ ನೋಡಿದರೆ ಇದು ಧರ್ಮದ ಪ್ರಶ್ನೆ.

ಮೊದಲು ವಿಷಯದ ಸ್ವರೂಪವನ್ನು ಅರಿಯೋಣ. 1942ರ ಕಾಫಿ ಅಧಿನಿಯಮದಂತೆ ಬೆಳೆಗಾರನು ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದ ಕಾಲದಲ್ಲಿ ಮಾರಾಟದ ಲೆಕ್ಕವು ಬಹುಮಟ್ಟಿಗೆ ಮಂಡಳಿಯ ಪುಸ್ತಕಗಳಲ್ಲಿಯೇ ಇರುತ್ತಿತ್ತು. 1996ರ ವೇಳೆಗೆ ಮಾರಾಟವು ಮುಕ್ತವಾದ ಮೇಲೆ ಆ ಲೆಕ್ಕ ಬೆಳೆಗಾರನ ಮನೆಗೇ ಬಂದಿತು. ತೆರಿಗೆಯ ನಿಯಮವಾದರೋ ಸರಳವಾದುದಲ್ಲ. 1961ರ ಆದಾಯ ತೆರಿಗೆ ಅಧಿನಿಯಮದ ಅಡಿಯಲ್ಲಿ ನೆಲೆಗೊಂಡ ಕ್ರಮವನ್ನೇ ನೋಡಿರಿ. ತೋಟದ ಕಾಫಿಯನ್ನು ಕಣದಲ್ಲಿ ಒಣಗಿಸಿ ಚೆರ್ರಿಯಾಗಿಯೇ ಮಾರಿದರೆ ಅದು ಕೃಷಿ ಆದಾಯ; ಕೇಂದ್ರದ ಆದಾಯ ತೆರಿಗೆಗೆ ಹೊರತು. ಬೆಳೆದವನೇ ಕ್ಯೂರಿಂಗ್ ಮಾಡಿಸಿ ಮಾರಿದರೆ 7ಬಿ ನಿಯಮವು ಆ ಆದಾಯದ ಶೇಕಡ 25ರಷ್ಟನ್ನು ವ್ಯಾಪಾರದ ಆದಾಯವೆಂದು ಗಣಿಸಿತು. ಹುರಿದು ಪುಡಿಮಾಡಿ ಮಾರಿದರೆ ಶೇಕಡ 40ರಷ್ಟನ್ನು. ಕೃಷಿ ಆದಾಯವು 5,000 ರೂಪಾಯಿ ಮೀರಿದವನಿಗೆ ಅತ್ಯಂತ ಸರಳವಾದ ನಮೂನೆಯು ಸಲ್ಲುತ್ತಿರಲಿಲ್ಲ. ಅದು 5 ಲಕ್ಷ ಮೀರಿದರೆ ಜಮೀನಿನ ವಿಸ್ತೀರ್ಣ, ಅದು ಸ್ವಂತದ್ದೋ ಗೇಣಿಯದೋ, ನೀರಾವರಿಯದೋ ಮಳೆಯಾಶ್ರಿತವೋ ಎಂಬುದನ್ನೂ ಬರೆಯಬೇಕಾಗಿತ್ತು. ಒಂದೇ ಗಿಡದ ಹಣ್ಣು, ಅದು ಹಾಯ್ದ ಹಂತಗಳಿಗೆ ಅನುಸಾರವಾಗಿ, ಕಾನೂನಿನ ಕಣ್ಣಿಗೆ ಮೂರು ಬಗೆಯಾಗಿ ತೋರುತ್ತದೆ!

ಆದುದರಿಂದ ಸಂಬಳವೊಂದನ್ನೇ ನಂಬಿದ ಶಾಲಾ ಉಪಾಧ್ಯಾಯನು ತನ್ನ ರಿಟರ್ನ್ಸನ್ನು ತಾನೇ ಸಲ್ಲಿಸಬಲ್ಲನು. ಸಲ್ಲಿಸುವುದು ಉಚಿತವೂ ಹೌದು. ಕಾಫಿ, ಮೆಣಸು, ಅಡಿಕೆಗಳ ಜೊತೆಗೆ ಬ್ಯಾಂಕಿನ ಬಡ್ಡಿಯನ್ನೂ ಮನೆಯ ಬಾಡಿಗೆಯನ್ನೂ ಪಡೆಯುವ ತೋಟದ ಯಜಮಾನನು ತಜ್ಞನನ್ನು ಆಶ್ರಯಿಸುವುದು ತಪ್ಪಲ್ಲ. ವ್ಯಾಧಿಗೆ ವೈದ್ಯನನ್ನು ಕಾಣುವಂತೆ ಇದೂ ವಿವೇಕವೇ. ತನ್ನ ತಿಳಿವಿನ ಎಲ್ಲೆಯನ್ನು ತಿಳಿಯುವುದೂ ಒಂದು ಜ್ಞಾನ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಬಹುದು. ಅಂತಃಸಾಕ್ಷಿಯನ್ನು ಒಪ್ಪಿಸಲು ಬರುವುದಿಲ್ಲ. ರಿಟರ್ನ್ಸನ್ನು ಯಾರೇ ಸಿದ್ಧಪಡಿಸಲಿ, ಅದರ ಕೊನೆಯಲ್ಲಿ ಇದು ನನ್ನ ಅರಿವಿನ ಮಟ್ಟಿಗೆ ಸತ್ಯವೆಂದು ಘೋಷಿಸುವವನು ತೆರಿಗೆದಾರನೇ. ಹಿಂದೆ ಸಹಿಮಾಡಿದ ಕಾಗದವು ಅಂಚೆಯ ಮೂಲಕ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಹೋಗುತ್ತಿತ್ತು. ಈಗ ಆಧಾರ್‌ಗೆ ಜೋಡಿಸಿದ ದೂರವಾಣಿಗೆ ಬರುವ ಆರು ಅಂಕಿಗಳು ಆ ಸಹಿಯ ಸ್ಥಾನದಲ್ಲಿ ನಿಂತಿವೆ. ಕಣದಲ್ಲಿ ಕಾಫಿ ಹರಡುತ್ತಲೇ ಆ ಅಂಕಿಗಳನ್ನು ಯಾರದೋ ಗುಮಾಸ್ತನಿಗೆ ಓದಿ ಹೇಳುವವನು, ಬರಿಯ ಹಾಳೆಗೆ ಸಹಿ ಹಾಕಿದವನಿಗಿಂತ ಯಾವ ವಿಧದಲ್ಲಿ ಬೇರೆ?

ಇದು ಕೇವಲ ಊಹೆಯ ಭಯವಲ್ಲ. 2025ರ ಜುಲೈ ತಿಂಗಳಲ್ಲಿ ಆದಾಯ ತೆರಿಗೆ ಇಲಾಖೆಯು ಸುಳ್ಳು ಕಡಿತಗಳ ವಿರುದ್ಧ ದೇಶದಾದ್ಯಂತ ತಪಾಸಣೆ ನಡೆಸಿತು. ಕಮಿಷನ್ನಿನ ಆಸೆಗೆ ಮಧ್ಯವರ್ತಿಗಳು ಹೆಚ್ಚಿನ ಮರುಪಾವತಿಯ ಆಮಿಷ ಒಡ್ಡಿದ್ದರು. ರಿಟರ್ನ್ಸ್ ಸಲ್ಲಿಸುವುದಕ್ಕೆಂದೇ ತಾತ್ಕಾಲಿಕ ಇ-ಮೇಲ್ ವಿಳಾಸಗಳನ್ನು ಸೃಷ್ಟಿಸಿ ಅನಂತರ ಕೈಬಿಟ್ಟಿದ್ದರು. ಇಲಾಖೆಯ ನೋಟೀಸುಗಳು ಓದುವವರಿಲ್ಲದೆ ಉಳಿದಿದ್ದವು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು 1,045 ಕೋಟಿ ರೂಪಾಯಿಗಳ ಸುಳ್ಳು ಬೇಡಿಕೆಗಳನ್ನು ತಾವಾಗಿಯೇ ಹಿಂತೆಗೆದುಕೊಂಡರೆಂದು ಇಲಾಖೆಯು ತಿಳಿಸಿತು. ಇವರಲ್ಲಿ ಎಷ್ಟು ಮಂದಿ ಅರಿತು ಸುಳ್ಳಾಡಿದರು, ಎಷ್ಟು ಮಂದಿ ಅರಿಯಲು ಮನಸ್ಸು ಮಾಡಲಿಲ್ಲ? ಅರಿಯಲೊಲ್ಲದ ಅಜ್ಞಾನವು ನಿರ್ದೋಷವಾದುದಲ್ಲ. ಅದು ಲಾಭವನ್ನು ತಾನಿಟ್ಟುಕೊಂಡು ಪಾಪವನ್ನು ಪರರ ಖಾತೆಗೆ ಬರೆಯುವ ಉಪಾಯ.

ಹಾಗಾದರೆ ತಾನೇ ಸಲ್ಲಿಸುವವನು ಸಹಜವಾಗಿಯೇ ಸತ್ಯವಂತನೆ? ಅದೂ ಅಲ್ಲ. ಯಂತ್ರವು ಮುಂಚಿತವಾಗಿಯೇ ತುಂಬಿಕೊಟ್ಟ ಅಂಕಿಗಳನ್ನು ಓದದೆ ಗುಂಡಿಯೊತ್ತುವವನೂ ಬರಿಯ ಹಾಳೆಗೇ ಸಹಿ ಹಾಕುತ್ತಾನೆ. ಮತ್ತೊಂದು ಮಾತು: ಯಂತ್ರದ ಎದುರಿಗೆ ಮನುಷ್ಯನು ಒಂಟಿ. ಅವನ ಲೋಭಕ್ಕೆ ಬೇಡವೆನ್ನುವವರು ಅಲ್ಲಿಲ್ಲ. ವ್ಯಾಪಾರದ ಆದಾಯವನ್ನು ಕೃಷಿಯ ಹೆಸರಿನಲ್ಲಿ ಅಡಗಿಸಹೊರಟ ಯಜಮಾನನಿಗೆ, ಇದು ಸಲ್ಲದು ಎಂದು ಮುಖಕ್ಕೆ ಹೇಳುವ ಲೆಕ್ಕಪರಿಶೋಧಕನು ಅವನ ಹಿತಚಿಂತಕನೇ ಸರಿ. ಇದಕ್ಕೊಪ್ಪುವವನನ್ನು ಹುಡುಕಿ ಮತ್ತೊಬ್ಬನ ಬಳಿಗೆ ಹೋಗುವವನು ತಜ್ಞನನ್ನು ಅರಸುತ್ತಿಲ್ಲ, ತನ್ನ ಆಸೆಗೊಬ್ಬ ಲಿಪಿಕಾರನನ್ನು ಅರಸುತ್ತಿದ್ದಾನೆ.

ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ದಾಸೋಹಕ್ಕಾಗಿ ಭಂಡಾರವನ್ನು ಬರಿದುಮಾಡಿದರೆಂಬ ಆರೋಪ ಬಂದಾಗ ಅವರು ಲೆಕ್ಕವನ್ನು ತೆರೆದು ತೋರಿದರೆಂದೂ, ಅದು ಸರಿಯಾಗಿಯೇ ಇದ್ದಿತೆಂದೂ ಪರಂಪರೆ ಹೇಳುತ್ತದೆ. ತಮ್ಮ ಕರಣಿಕರನ್ನು ಕೇಳಿರೆಂದು ಅವರು ಹೇಳಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಕಾಯಕದ ಶುದ್ಧಿಯು ಗಳಿಕೆಯಲ್ಲಿ ಎಷ್ಟೋ ಗಳಿಕೆಯ ಲೆಕ್ಕದಲ್ಲಿಯೂ ಅಷ್ಟೇ.

ಆದುದರಿಂದ ಸದ್ಭಕ್ತರು ಮಾರ್ಗ ಯಾವುದೆಂಬ ಚಿಂತೆಯಲ್ಲಿ ಉಳಿಯಬೇಕಾಗಿಲ್ಲ. ಲೆಕ್ಕಪರಿಶೋಧಕರ ಬಳಿಗೆ ಹೋಗುವವರು ಹೋಗಲಿ. ಆದರೆ ಸಲ್ಲಿಸುವ ಮೊದಲು ಪ್ರತಿಯೊಂದನ್ನು ಓದಿಸಿಕೊಂಡು ಕೇಳಲಿ, ತಿಳಿಯದ ಸಾಲನ್ನು ನಾಚದೆ ಪ್ರಶ್ನಿಸಲಿ. ಖಾತೆಯ ಗುಪ್ತಪದ, ಇ-ಮೇಲ್ ಮತ್ತು ದೂರವಾಣಿ ಸಂಖ್ಯೆಗಳು ತಮ್ಮವೇ ಆಗಿರಲಿ. ಇಂಗ್ಲಿಷ್ ಬಾರದ ಹಿರಿಯರಿಗೆ ಕಾಲೇಜು ಕಲಿತ ಮಕ್ಕಳು ಸಂಜೆಯೊಂದನ್ನು ಮೀಸಲಿಟ್ಟು ಕನ್ನಡದಲ್ಲಿ ವಿವರಿಸಲಿ. ಇವೆಲ್ಲಕ್ಕಿಂತ ಮೊದಲು ತೋಟದ ರೈಟರ್ ಬರೆಯುವ ದಿನದ ಪುಸ್ತಕವು ನಿಜವಾಗಿರಲಿ; ಆಳುಗಳಿಗೆ ಕೊಟ್ಟ ಕೂಲಿಯೇ ಅಲ್ಲಿ ಬರೆದ ಕೂಲಿಯಾಗಿರಲಿ. ಬುಡದ ಲೆಕ್ಕ ಸುಳ್ಳಾದರೆ ತುದಿಯಲ್ಲಿ ಪಂಡಿತನಿದ್ದರೇನು, ಯಂತ್ರವಿದ್ದರೇನು? ಬರೆಯುವ ಕೈ ಯಾರದಾದರೂ ಆಗಲಿ. ಬರೆದುದು ನನ್ನದೆಂದು ನಿರ್ಭಯವಾಗಿ ಹೇಳಬಲ್ಲವನೇ ಋಣಮುಕ್ತನು.