ಉಳಿಸುವುದೆಂದರೆ ಮುಚ್ಚಿಡುವುದೇ?

ಉಳಿತಾಯದ ಪಾಠವನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಕ್ಕಿ ಡಬ್ಬಿಯ ತಳದಲ್ಲಿ ನೋಟು, ಟ್ರಂಕಿನಲ್ಲಿ ಇಳಕಲ್ ಸೀರೆ, ಅಟ್ಟದ ಮೇಲೆ ತಾಮ್ರದ ಹಂಡೆ. ಮುಂದೆ ಬೇಕಾದೀತು ಎಂದು ಎತ್ತಿಡುವುದರಲ್ಲೇ ನಮ್ಮ ಅರ್ಧ ಆಯುಷ್ಯ ಹೋಗುತ್ತದೆ. ಆದರೆ ಎತ್ತಿಟ್ಟದ್ದೆಲ್ಲ ಉಳಿಯುತ್ತದೆಯೇ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಶಾಲೆಯ ಪ್ರಿಂಟರ್.

ನಮ್ಮದು ರಾಣೆಬೆನ್ನೂರು ಕಡೆಯ ಒಂದು ಹೈಸ್ಕೂಲು. ಕಾರ್ಟ್ರಿಜ್ ತುಟ್ಟಿಯೆಂದು ಪ್ರಿಂಟರಿಗೆ ಬಟ್ಟೆ ಹೊದಿಸಿ ಇಟ್ಟಿರುತ್ತಾರೆ; ಒಂದು ಹಾಳೆ ತೆಗೆಯಲೂ ಅಪ್ಪಣೆ ಬೇಕು. ಬೇಸಿಗೆ ರಜೆ ಕಳೆದ ಮೇಲೆ, ಹಾವೇರಿಯ ಕಾಲೇಜಿಗೆ ಸೇರಲಿದ್ದ ಹುಡುಗಿಯೊಬ್ಬಳ ವರ್ಗಾವಣೆ ಪತ್ರ ಮುದ್ರಿಸಿದರೆ ಸಾಲುಸಾಲಿಗೂ ಬಿಳಿ ಗೆರೆ. ಕನ್ನಡದಲ್ಲಿ ಒಂದು ಗೆರೆ ತಪ್ಪಿದರೆ ಒತ್ತಕ್ಷರವೇ ಹೋಗುತ್ತದೆ. ಅವಳ ತಂದೆಯ ಹೆಸರಿನ ‘ಪ್ಪ’ ಬರೀ ‘ಪ’ ಆಗಿತ್ತು. ಪ್ರವೇಶಕ್ಕೆ ಮರುದಿನವೇ ಕೊನೆ.

“ಮಸಿ ಮುಗದಿರಬೇಕ್ರಿ ಅಕ್ಕೋರ, ಒಗದು ಹೊಸಾದು ತರೂಣು” ಎಂದರು ಗುಮಾಸ್ತರು. ಆದರೆ ಅದು ಮಾರ್ಚಿನಲ್ಲಿ ಹಾಕಿದ ಕಾರ್ಟ್ರಿಜ್. ಮುಗಿಯುವಷ್ಟು ನಾವು ಅದರಿಂದ ತೆಗೆದೇ ಇರಲಿಲ್ಲ. ಮಸಿ ಮುಗಿದಿರಲಿಲ್ಲ, ಬಾಯಲ್ಲಿ ಒಣಗಿತ್ತು. ಮಸಿ ಚಿಮ್ಮುವ ಆ ತೂತುಗಳು ಕೂದಲೆಳೆಗಿಂತ ಸಣ್ಣವು. ಬಹುದಿನ ಸುಮ್ಮನಿದ್ದರೆ ನೀರಿನಂಶ ಆರಿ, ಬಣ್ಣ ಅಲ್ಲೇ ಗಟ್ಟಿಯಾಗುತ್ತದೆ. ನಾವು ಚಿಕ್ಕವರಿದ್ದಾಗ ಇಂಕ್ ಪೆನ್ನಿನ ನಿಬ್ಬು ಕಟ್ಟಿದರೆ ಬಿಸಿನೀರಿನಲ್ಲಿ ನೆನೆಹಾಕುತ್ತಿದ್ದೆವಲ್ಲ, ಅದೇ ರೋಗ, ಹೆಚ್ಚುಕಡಿಮೆ ಅದೇ ಮದ್ದು.

ಕಂಪ್ಯೂಟರಿನಿಂದಲೇ ಎರಡು ಸಲ ಶುದ್ಧಿ ಮಾಡಿಸಿದೆ. ಅದಕ್ಕೂ ಮಸಿಯೇ ಖರ್ಚಾಗುವುದರಿಂದ ಮೂರನೆಯ ಸಲಕ್ಕೆ ಹೋಗಲಿಲ್ಲ. ನಮ್ಮ ಯಂತ್ರದಲ್ಲಿ ತೂತುಗಳಿರುವುದು ಕಾರ್ಟ್ರಿಜ್ಜಿನ ತಳದಲ್ಲೇ. ಹಾಗಾಗಿ ಅದನ್ನು ಹೊರತೆಗೆದೆ. ಬೋರಿನ ನೀರು ಉಪ್ಪು ಬಿಡುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರನ್ನು ಉಗುರುಬೆಚ್ಚಗೆ ಮಾಡಿ, ನೂಲು ಬಿಡದ ಬಟ್ಟೆ ತೋಯಿಸಿ, ಅದರ ಮೇಲೆ ಆ ಬಾಯನ್ನು ಕೆಲ ನಿಮಿಷ ಊರಿಟ್ಟೆ. ತಾಮ್ರದ ಬಿಲ್ಲೆಗಳಿಗೆ ಕೈ ತಾಗಿಸಲಿಲ್ಲ. ಬಟ್ಟೆಯ ಮೇಲೆ ಕಪ್ಪು ಹರಡಿತು. ಒರೆಸಿ ಹಾಕಿದ ಮೇಲೆ ‘ಪ್ಪ’ ತನ್ನ ಒತ್ತಿನೊಡನೆ ಬಂದಿತು. ಎಲ್ಲವೂ ಹೀಗೆ ಸರಿಹೋಗುತ್ತವೆ ಎಂದಲ್ಲ; ಕೆಲವನ್ನು ಒಗೆಯಲೇಬೇಕು.

ಹಾಗಾದರೆ ಉಳಿಸುವುದೇ ತಪ್ಪೇ? ಬ್ಯಾಡಗಿಯ ಪೇಟೆಗೆ ಹೋಗಿ ನೋಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಸುಕ್ಕು ಮೆಣಸಿನಕಾಯಿ ಒಣಗಿದರೇ ಬೆಲೆ. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಮೆಣಸಿನಕಾಯಿ ಒಣಗಿ ಉಳಿಯುತ್ತದೆ, ಮಸಿ ಹರಿದು ಉಳಿಯುತ್ತದೆ. ವಾರಕ್ಕೊಮ್ಮೆ ಎಲ್ಲ ಬಣ್ಣವೂ ಬರುವಂತೆ ಒಂದು ಹಾಳೆ ತೆಗೆಯುವುದು ದುಂದಲ್ಲ. ಇಡೀ ಕಾರ್ಟ್ರಿಜ್ ಉಳಿಸುವ ಖರ್ಚು. ಯಾವುದು ಯಾವ ಜಾತಿಯದೆಂದು ಅರಿಯದೆ ಎಲ್ಲಕ್ಕೂ ಒಂದೇ ಮುಚ್ಚಳ ಹಾಕುವುದು ಉಳಿತಾಯವಲ್ಲ, ಅಂಜಿಕೆ.

ವಸ್ತುಗಳ ಮಾತು ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಬ್ಯಾಡಗಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಕಾಲೇಜಿನಲ್ಲಿ ಶಿಶುನಾಳ ಶರೀಫರ ತತ್ವಪದ ಹಾಡಿದರೆ ಸಭೆ ಮಿಸುಕುತ್ತಿರಲಿಲ್ಲ. ಮದುವೆಯಾದ ಮೇಲೆ, ಮಕ್ಕಳು ದೊಡ್ಡವರಾಗಲಿ, ಅತ್ತೆಯವರ ಕಾಯಿಲೆ ವಾಸಿಯಾಗಲಿ ಎಂದು ಹಾಡನ್ನು ಎತ್ತಿಟ್ಟಳು. ಈಗ ಬಿಡುವಿದೆ, ದನಿ ಏಳುವುದಿಲ್ಲ. ಮನೆಯವರು “ಆಕೀಗೆ ಈಗ ಆಸಕ್ತಿ ಇಲ್ರಿ” ಎನ್ನುತ್ತಾರೆ. ಮಸಿ ಮುಗಿದಿದೆ ಎಂದು ಗುಮಾಸ್ತರು ಅಂದಷ್ಟೇ ಸಲೀಸಾಗಿ.

ಹಾಡದೆ ಇದ್ದದ್ದು ಅವಳ ತಪ್ಪೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಟ್ಟೆ ಹೊದಿಸಿದವರು ಯಾರು, ಅಪ್ಪಣೆ ಕೇಳಬೇಕೆಂದವರು ಯಾರು ಎಂಬುದನ್ನೂ ಕೇಳಬೇಕಲ್ಲವೇ? ಹಾಗೆಂದು ಯಾರನ್ನಾದರೂ ದೂರಿ ಸುಮ್ಮನೆ ಕುಳಿತರೆ ಕಟ್ಟಿದ್ದು ಬಿಡುವುದಿಲ್ಲ. ಬೆಚ್ಚಗಿನ ನೀರು ಬೇಕು, ತಾಳ್ಮೆ ಬೇಕು, ಒತ್ತಾಯ ಕಡಿಮೆ ಬೇಕು. ನಾನು ಈಚೆಗೆ ರವಿವಾರ ಅವಳ ಮನೆಗೆ ಹೋಗುತ್ತೇನೆ. ಅವಳು ಒಂದು ನುಡಿ ಹಾಡುತ್ತಾಳೆ, ನಡುವೆ ದನಿ ಕಡಿಯುತ್ತದೆ. ಇಬ್ಬರೂ ಚಹಾ ಕುಡಿದು, ಮತ್ತೆ ಮೊದಲಿನಿಂದ ಹಿಡಿಯುತ್ತೇವೆ.